ಚಿಕ್ಕಪ್ಪನ ಭೂಮಿ, ಚಿಕ್ಕಮ್ಮನ ಕೈಮಾ ಉಂಡೆ

ಭೂಮಿ ಬಿಸಿಯಾಗುತ್ತಿದೆ ಎಂದು ನೀವಿನ್ನು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಆ ಜವಾಬ್ದಾರಿಯನ್ನು ಮರ್ಫಿ ಟೌನಿನ ನಮ್ಮ ಚಿಕ್ಕಪ್ಪ ವಹಿಸಿಕೊಂಡಿದ್ದಾರೆ. ವಹಿಸಿದವರು ಯಾರು ಎಂದು ಮಾತ್ರ ಕೇಳಬೇಡಿ! ಮಾಂಸ, ಮೀನು, ಮೊಟ್ಟೆ ಬಿಟ್ಟರು, ಸರಿ. ಹಾಲು, ಮೊಸರು, ತುಪ್ಪವನ್ನೂ ಬಿಟ್ಟರು. ಕೊನೆಗೆ ಕೆಮ್ಮಿಗೆಂದು ನೆಕ್ಕುತ್ತಿದ್ದ ಜೇನುತುಪ್ಪದ ಸೀಸೆಯನ್ನೂ ನನ್ನ ಕೈಗಿಟ್ಟು ಪೂರಾ ವೀಗನ್ ಆಗಿ ಕೂತರು. ಹಿಂದೆ ಇವರು ಎಂಥವರಾಗಿದ್ದರು ಗೊತ್ತೇ? ಭಾನುವಾರ ಮಧ್ಯಾಹ್ನ ಇವರು ನಲ್ಲಿ ಮೂಳೆ ಹೀರುವ ಸದ್ದು ಕೇಳಿ ಪಕ್ಕದ ಮನೆಯವರು ಗಡಿಯಾರ ಸರಿಮಾಡಿಕೊಳ್ಳುತ್ತಿದ್ದರು.

ಎಲ್ಲ ಶುರುವಾದದ್ದು ಮಹದೇವಪುರದಲ್ಲಿ. ಚಿಕ್ಕಮ್ಮ ತೀರಿಕೊಂಡ ಮೇಲೆ ಮಗಳು ಎರಡು ದಿನ ಇದ್ದು ಹೋಗಲಿ ಎಂದು ಇವರನ್ನು ತನ್ನ ಫ್ಲ್ಯಾಟಿಗೆ ಕರೆದುಕೊಂಡು ಹೋಗಿದ್ದಳು. ಹೋದ ರಾತ್ರಿಯೇ ಮಳೆ ಹುಯ್ದು, ನೆಲಮಾಳಿಗೆಯ ಕಾರುಗಳು ದೋಣಿಗಳಾದವು. ಕರೆಂಟಿಲ್ಲ, ಟೀವಿಯಿಲ್ಲ. ಮಾತಿಗೆ ಸಿಕ್ಕವರು ಎದುರು ಮನೆಯ ನಿವೃತ್ತ ಮೇಷ್ಟ್ರು ಒಬ್ಬರೇ. ಅವರು ವೀಗನ್! ದನ ತೇಗಿದರೆ ಹೊರಡುವ ಗಾಳಿ ಭೂಮಿಯನ್ನು ಕಾಯಿಸುತ್ತದೆ, ಮೇವಿಗೆಂದು ಎಲ್ಲೆಲ್ಲೋ ಕಾಡು ಕಡಿಯುತ್ತಾರೆ, ಅದೇ ನೆಲದಲ್ಲಿ ಕಾಳು ಬೆಳೆದರೆ ಇನ್ನೆಷ್ಟೋ ಜನರ ಹೊಟ್ಟೆ ತುಂಬುತ್ತದೆ, ಪ್ರಪಂಚವೆಲ್ಲ ಸೊಪ್ಪು ಕಾಳಿಗೆ ಬಂದರೆ ಮಳೆಗೂ ಬುದ್ಧಿ ಬರುತ್ತದೆ ಎಂದೆಲ್ಲ ಎರಡು ದಿನ ಪಾಠ ನಡೆಯಿತು. ಮೂರನೆಯ ದಿನ ಜನರನ್ನು ಸಾಗಿಸಲು ಟ್ರ್ಯಾಕ್ಟರ್ ಬಂತು. ಮಟನ್ ತಿನ್ನುವ ಮನುಷ್ಯನಾಗಿ ಹೋದವರು ಟ್ರ್ಯಾಕ್ಟರಿನಿಂದ ವೀಗನ್ ಆಗಿ ಇಳಿದರು.

ಆ ನೀರು ಬಂದದ್ದು ರಾಜಕಾಲುವೆ ಮುಚ್ಚಿದ್ದಕ್ಕೆ, ಕುರಿ ತಿಂದದ್ದಕ್ಕಲ್ಲ ಎಂದು ನಾನು ವಾದ ಹೂಡಿದೆ.

"ಕಾಲುವೆ ನನ್ ಕೈಲಿಲ್ಲ ಮಗಾ," ಎಂದರು. "ತಟ್ಟೆ ನನ್ ಕೈಲಿದೆ."

ಇದಕ್ಕೆ ಏನು ಹೇಳುತ್ತೀರಿ?

ಮಾಂಸವನ್ನು ಸುಮ್ಮನೆ ಬಿಟ್ಟಿದ್ದರೆ ಆಗುತ್ತಿತ್ತು. ಆದರೆ ಮೂವತ್ತು ವರ್ಷ ಒಂದೇ ಅಂಗಡಿಯಲ್ಲಿ ಮಟನ್ ತಂದವರು, ಹೇಳದೆ ಕೇಳದೆ ನಿಲ್ಲಿಸಿದರೆ ಮರ್ಯಾದೆಯೇ? ನನ್ನನ್ನು ಜೊತೆಗೆ ಕರೆದುಕೊಂಡು ರಸೆಲ್ ಮಾರುಕಟ್ಟೆಗೆ ಹೊರಟರು, ಕೆಲಸಕ್ಕೆ ರಾಜೀನಾಮೆ ಕೊಡುವವರ ಹಾಗೆ ಇಸ್ತ್ರಿ ಅಂಗಿ ತೊಟ್ಟು. ಅಂಗಡಿಯ ಭಾಯಿ ಮೊದಲು ಹೆದರಿದ. ಶುಗರ್ರಾ, ಹಾರ್ಟಾ, ಡಾಕ್ಟರು ಏನಂದರು ಎಂದು ಒಂದೇ ಸಮ ವಿಚಾರಿಸಿದ. ಕಾಯಿಲೆ ನನಗಲ್ಲ, ಭೂಮಿಗೆ ಎಂದು ಚಿಕ್ಕಪ್ಪ ದನದ ತೇಗಿನಿಂದ ಹಿಡಿದು ಕಾಡಿನವರೆಗೆ ಪೂರ್ತಿ ಪಾಠ ಒಪ್ಪಿಸಿದರು. ಭಾಯಿ ಕತ್ತಿ ಕೆಳಗಿಟ್ಟು ಶ್ರದ್ಧೆಯಿಂದ ಕೇಳಿ, ಆಮೇಲೆ ದನಿ ತಗ್ಗಿಸಿ ಹೇಳಿದ:

"ಅಣ್ಣಾ, ಯಾರ್ಗೂ ಹೇಳ್ಬೇಡಿ. ನಮ್ ಮನೇಲೂ ನಾನು ದಾಲೇ ತಿನ್ನೋದು. ದಿನಾ ಇದನ್ನೇ ನೋಡಿ ನೋಡಿ ಸಾಕಾಗೋಗಿದೆ."

ಚಿಕ್ಕಪ್ಪ ಅಲ್ಲಿಂದ ಬರುವಾಗ ಒಂದು ದೇಶ ಗೆದ್ದವರ ಹಾಗಿದ್ದರು!

ಕಷ್ಟವಾದದ್ದು ಟೀಯಲ್ಲಿ. ಸೋಯಾ ಹಾಲು ಹಾಕಿದರೆ ಒಡೆಯಿತು. ಬಾದಾಮಿ ಹಾಲು ತಂದರೆ, ಆ ಗಿಡ ಕುಡಿಯುವ ನೀರಿಗೆ ಲೆಕ್ಕವಿಲ್ಲ ಎಂದು ಮಗಳೇ ಫೋನಿನಲ್ಲಿ ತಕರಾರು ತೆಗೆದಳು. ಕಡೆಗೆ ಕಡಲೆಕಾಯಿ ರುಬ್ಬಿ ಹಿಂಡಿದ ಹಾಲು ನೆಲೆನಿಂತಿತು. ಆ ಟೀ ಕುಡಿದವರೆಲ್ಲ, ಭೂಮಿ ಉಳಿಯುವುದು ಅಷ್ಟೊಂದು ಅಗತ್ಯವೇ ಎಂದು ಒಂದು ಕ್ಷಣವಾದರೂ ಯೋಚಿಸಿರುತ್ತಾರೆ. ಊಟದ ವಿಷಯದಲ್ಲಿ ಮಾತ್ರ ಅವರಿಗೆ ಜಯವಾಯಿತು. ಪ್ರಪಂಚದ ಪಂಡಿತರೆಲ್ಲ ಸೇರಿ ಹುಡುಕುತ್ತಿರುವ ಊಟ ಬೇರೇನಲ್ಲ, ರಾಗಿಮುದ್ದೆ ಬಸ್ಸಾರು ಎಂದು ಕಂಡುಹಿಡಿದು, ಬೀದಿಯವರಿಗೆಲ್ಲ ಸಾರಿದರು. ಬೀದಿಯವರು ಅದನ್ನು ಮೊದಲಿಂದಲೂ ತಿನ್ನುತ್ತಲೇ ಇದ್ದರು ಎನ್ನುವುದು ಬೇರೆ ಮಾತು.

ಇಷ್ಟರಲ್ಲಿ ಹಿರಿಯರ ಹಬ್ಬ ಬಂತು. ಮಹಾಲಯ ಅಮಾವಾಸ್ಯೆಯ ದಿನ ನಮ್ಮಲ್ಲಿ ತೀರಿಹೋದವರಿಗೆ ಎಡೆ ಇಡುತ್ತೇವೆ. ಅವರಿಗೆ ಇಷ್ಟವಾದದ್ದನ್ನೆಲ್ಲ ಮಾಡಿ, ಬಾಳೆಯೆಲೆಗೆ ಬಡಿಸಿ, ಬಂದು ನೆಮ್ಮದಿಯಾಗಿ ಉಣ್ಣಲಿ ಎಂದು ಬಾಗಿಲು ಎಳೆದುಕೊಂಡು ಹೊರಗೆ ಕೂರುತ್ತೇವೆ. ತಾತನ ಎಲೆಗೆ ಈಗಲೂ ಬೀಡಿ ಕಟ್ಟು ಬೀಳುತ್ತದೆ. ಚಿಕ್ಕಮ್ಮನಿಗೆ ಇದು ಮೊದಲ ಎಡೆ. ಚಿಕ್ಕಮ್ಮನ ಪ್ರಾಣವೆಲ್ಲ ಇದ್ದದ್ದು ಕೊಚ್ಚಿದ ಮಟನ್ನಿನ ಕೈಮಾ ಉಂಡೆ ಸಾರಿನಲ್ಲಿ!

ಚಿಕ್ಕಪ್ಪ ವಾರದಿಂದ ಸೋಯಾ ಉಂಡೆಯ ಪ್ರಯೋಗ ನಡೆಸಿದ್ದರು. ಮೂರು ಸಲವೂ ಉಂಡೆಗಳು ಸಾರಿಗೆ ಬಿದ್ದ ಕೂಡಲೇ ಕರಗಿ ಹೋದವು. ನಾಲ್ಕನೆಯ ಸಲಕ್ಕೆ ಹಲಸಿನಕಾಯಿ ತಂದಿಟ್ಟದ್ದನ್ನು ಹಬ್ಬಕ್ಕೆಂದು ಬಂದ ನಮ್ಮ ಅತ್ತೆ, ಅಂದರೆ ಅವರ ಅಕ್ಕ, ನೋಡಿಬಿಟ್ಟರು.

"ವರ್ಷಕ್ಕೊಂದಿನ ಬರ್ತಾಳೆ ಕಣೋ," ಎಂದರು. "ಅಷ್ಟು ದೂರದಿಂದ ಬಂದೋಳಿಗೆ ಹಲಸಿನಕಾಯಿ ಇಡ್ತೀಯಾ?"

ಎಲ್ಲದಕ್ಕೂ ಉತ್ತರ ಇಟ್ಟುಕೊಂಡಿರುವ ಚಿಕ್ಕಪ್ಪ ಎದ್ದು ಹೋಗಿ ಚಿಕ್ಕಮ್ಮನ ಫೋಟೋ ಒರೆಸುತ್ತ ನಿಂತರು. ಒರೆಸಿದ್ದನ್ನೇ ಒರೆಸಿದರು.

ಹಬ್ಬದ ಬೆಳಿಗ್ಗೆ ಎದ್ದರೆ ಆಸಾಮಿ ನಾಪತ್ತೆ. ಸ್ವಲ್ಪ ಹೊತ್ತಿಗೆ ಶಿವಾಜಿನಗರದ ಕಡೆಯಿಂದ ಆಟೋದಲ್ಲಿ ಬಂದಿಳಿದರು. ಚೀಲದಲ್ಲಿ ಕೈಮಾ. ನಾನು ನೋಡಿದೆ. ನಾನು ನೋಡಿದ್ದನ್ನು ಅವರೂ ನೋಡಿದರು.

"ಬಿಟ್ಟಿರೋನು ನಾನು ಮಗಾ," ಎಂದರು. "ಅವಳೇನೂ ಬಿಟ್ಟಿಲ್ವಲ್ಲ."

ಯಾರನ್ನೂ ಒಲೆಯ ಹತ್ತಿರ ಸೇರಿಸಲಿಲ್ಲ. ತಾವೇ ಮಸಾಲೆ ರುಬ್ಬಿದರು, ತಾವೇ ಉಂಡೆ ಕಟ್ಟಿದರು, ಒಂದೊಂದನ್ನೂ ತೊಟ್ಟಿಲಿನಲ್ಲಿ ಮಲಗಿಸುವ ಹಾಗೆ ಸಾರಿಗೆ ಬಿಟ್ಟರು. ಒಂದೂ ಒಡೆಯಲಿಲ್ಲ. ಎಡೆ ಇಡುವ ತನಕ ಯಾರೂ ನಾಲಿಗೆಗೆ ಸೋಕಿಸುವಂತಿಲ್ಲವಾದ್ದರಿಂದ ರುಚಿ ನೋಡುವ ಪ್ರಶ್ನೆಯೇ ಇರಲಿಲ್ಲ. ಎಲೆಗೆ ಬಡಿಸಿ, ಬಾಗಿಲು ಎಳೆದು, ನಾವೆಲ್ಲ ಹೊರಗೆ ಕಟ್ಟೆಯ ಮೇಲೆ ಕೂತೆವು. ಸಾಕು, ಒಳಗೆ ಹೋಗೋಣ ಎಂದು ಅತ್ತೆ ಎರಡು ಸಲ ಎದ್ದರು. ಅವಳು ನಿಧಾನಕ್ಕೆ ಉಣ್ಣುವವಳು ಎಂದು ಚಿಕ್ಕಪ್ಪ ಎರಡು ಸಲವೂ ಕೂರಿಸಿದರು.

ಕೊನೆಗೆ ಪಂಕ್ತಿ ಕೂತೆವು. ಚಿಕ್ಕಪ್ಪ ಚಿಕ್ಕಮ್ಮನ ಎಲೆಯ ಪಕ್ಕದಲ್ಲೇ ತಮ್ಮ ಮುದ್ದೆ, ಸೊಪ್ಪಿನ ಸಾರು ಹಾಕಿಕೊಂಡರು. ಅತ್ತೆ ಒಂದು ಉಂಡೆ ಮುರಿದು ಬಾಯಿಗಿಟ್ಟು ಮುಖ ಕಿವುಚಿದರು.

"ಇದೇನೋ, ಇಷ್ಟೊಂದು ಉಪ್ಪು ಸುರಿದಿದೀಯ?"

ಚಿಕ್ಕಪ್ಪ ಮುದ್ದೆ ಮುರಿಯುತ್ತಿದ್ದವರು ತಲೆಯೆತ್ತಲಿಲ್ಲ.

"ಬಿಪಿ ಅಂತ ಅವಳಿಗೆ ಎರಡು ವರ್ಷ ಸಪ್ಪೆನೇ ತಿನ್ಸಿದೆ ಅಕ್ಕ. ಒಂದ್ ಕಲ್ಲು ಉಪ್ಪು ಹಾಕಿ ಅಂತ ಕೊನೇವರ್ಗೂ ಕೇಳ್ತಿದ್ಲು," ಎಂದರು. "ಈಗಿನ್ಯಾಕೆ ಕೈ ಹಿಡಿದು ಹಾಕೋದು."

ಅತ್ತೆ ಇನ್ನೆರಡು ಉಂಡೆ ಬಡಿಸಿಕೊಂಡರು. ನಾವೂ ಬಡಿಸಿಕೊಂಡೆವು. ಯಾರೂ ನೀರು ಕೇಳಲಿಲ್ಲ.