ಭಾವ ಕೆಲಸಕ್ಕೆ ತೆಗೆದುಕೊಂಡ ಕುರ್ಚಿ

ನನ್ನ ಭಾವನಂಥ ಕುರ್ಚಿದ್ವೇಷಿಯನ್ನು ಇಡೀ ಕೊಡಗಿನಲ್ಲಿ ಹುಡುಕಿದರೂ ನೀವು ಕಾಣಲಾರಿರಿ. ಅಂಥವರು ಈಚೆಗೆ ಊರೂರು ತಿರುಗಿ ಕುರ್ಚಿ ಆರಿಸಲು ಹೊರಟರು! ಅದೂ ಸಾಮಾನ್ಯ ಕುರ್ಚಿಯಲ್ಲ, ಕೂತವರ ಮೈಕೈ ಒತ್ತುವ ಮಸಾಜ್ ಕುರ್ಚಿ!

ಭಾವ ಎಂದರೆ ನನ್ನ ಅಕ್ಕನ ಗಂಡ. ಪಾಲಿಬೆಟ್ಟದ ಕಡೆಯ ಕಾಫಿ ಎಸ್ಟೇಟೊಂದರಲ್ಲಿ ರೈಟರ್ ಆಗಿದ್ದು ನಿವೃತ್ತರಾಗಿ ಈಗ ಸಿದ್ದಾಪುರದಲ್ಲಿದ್ದಾರೆ. ರೈಟರ್ ಎಂದರೆ ಕಾದಂಬರಿ ಬರೆಯುವವರು ಎಂದುಕೊಳ್ಳಬೇಡಿ. ಬೆಳಗಾಗುತ್ತಲೇ ಕೆಲಸದವರ ಹಾಜರಿ ಕರೆದು, ಯಾರು ಎಲ್ಲಿ ಕೊಯ್ಯಬೇಕೆಂದು ಹೇಳಿ, ದಿನವಿಡೀ ತೋಟ ಸುತ್ತಿ, ಸಂಜೆ ಹಣ್ಣು ಅಳೆಸುವವರು. ‘ಕೂತ ರೈಟರ್ ಕಳ್ಳ ರೈಟರ್’ ಎಂಬುದು ಅವರ ಸಿದ್ಧಾಂತ. ಈಗಲೂ ನಮ್ಮ ಮನೆಗೆ ಬಂದರೆ ಸೋಫಾದ ಅಂಚಿನಲ್ಲಿ, ವಿರಾಜಪೇಟೆ ಬಸ್ಸು ತಿರುವಿನಲ್ಲಿ ಹಾರ್ನ್ ಹೊಡೆದರೆ ಓಡಬೇಕೆಂಬಂತೆ ಕೂರುತ್ತಾರೆ. ಒರಗಿಕೊಳ್ಳಿ ಎಂದರೆ, ಏನೋ ಅಸಭ್ಯ ಮಾತು ಕೇಳಿದವರ ಹಾಗೆ ನೋಡುತ್ತಾರೆ.

ಕುರ್ಚಿ ಬೇಕಾಗಿದ್ದದ್ದು ಅಕ್ಕನಿಗೆ. ಅದೇ ಎಸ್ಟೇಟಿನ ಶಿಶುವಿಹಾರದಲ್ಲಿ, ಕೊಯ್ಲಿಗೆ ಹೋದ ಹೆಂಗಸರ ಮಕ್ಕಳನ್ನು ಸೊಂಟದ ಮೇಲೊಂದು ಕೈಯಲ್ಲೊಂದು ಹಿಡಿದು ನಿಂತೇ ಆಯುಷ್ಯ ಕಳೆದವಳು ಅವಳು. ಆಗಿನಿಂದಲೂ ಕಾಲು ಸೆಳೆತವಿತ್ತು, ಹೇಗೋ ನಡೆಯುತ್ತಿತ್ತು. ಕಳೆದ ಮಳೆಗಾಲದಿಂದ ಮಾತ್ರ ವಿಪರೀತವಾಯಿತು. ಒಲೆಯಿಂದ ಹಾಲಿನ ಪಾತ್ರೆ ಇಳಿಸುವಾಗ ಮೀನಖಂಡ ಹಿಡಿದುಕೊಂಡರೆ ಪಾತ್ರೆಯೂ ಇಲ್ಲ, ಹಾಲೂ ಇಲ್ಲ, ಗೋಡೆಯೇ ಗತಿ. ಕಾಲಿಗೆ ದಿನಾ ಚೆನ್ನಾಗಿ ಮಾಲೀಸು ಆಗಬೇಕು, ಇಲ್ಲದಿದ್ದರೆ ನಡೆದಾಡುವುದೇ ಕಷ್ಟವಾದೀತು ಎಂದರು ಡಾಕ್ಟರು. ಮರುದಿನ ಬೆಳಿಗ್ಗೆ ನನಗೆ ಫೋನು ಬಂತು.

ನಾನು ಮಡಿಕೇರಿಯ ಶಾಲೆಯೊಂದರಲ್ಲಿ ಹೆಡ್‌ಮಿಸ್ ಆಗಿದ್ದು ನಿವೃತ್ತಳಾದವಳು. ಏಳುವುದು, ನಡೆಯುವುದು, ಉಣ್ಣುವುದು ಎಲ್ಲವೂ ಗಂಟೆ ಬಾರಿಸಿದ ಹಾಗೆ. ನಾನು ನಡೆಯುವ ಹೊತ್ತಿನಲ್ಲಿ ಫೋನು ಮಾಡುವ ಧೈರ್ಯ ಇರುವುದು ಜಗತ್ತಿನಲ್ಲಿ ಒಬ್ಬರಿಗೆ ಮಾತ್ರ.

“ಹೆಡ್‌ಮಿಸ್ಸೇ, ನಾಳೆ ಕುಶಾಲನಗರಕ್ಕೆ ಬಾ. ನೀನು ಕೂರ್ಬೇಕು.”

“ಎಲ್ಲಿ ಕೂರ್ಬೇಕು ಭಾವ?”

“ಕುರ್ಚೀಲಿ ಮಾರಾಯ್ತಿ. ಮಸಾಜ್ ಕುರ್ಚಿ.”

“ನೀವೇ ಕೂತು ನೋಡಿ.”

“ನಾನು ಕೂತ್ರೆ ಎಂತ ಗೊತ್ತಾಗ್ತದೆ? ನಿಂದೂ ನಿನ್ನ ಅಕ್ಕಂದೂ ಒಂದೇ ಅಳತೆ. ಅವಳನ್ನ ಬಸ್ಸಲ್ಲಿ ಕುಲುಕಿಸ್ಕೊಂಡು ಹೋಗ್ಲಿಕ್ಕೆ ಆಗ್ತದಾ?”

ಜೀವಮಾನವಿಡೀ ಮಕ್ಕಳಿಗೆ ‘ನಿಲ್ಲು’, ‘ಕೂತ್ಕೋ’ ಎಂದು ಆಜ್ಞೆ ಮಾಡಿದ ನಾನು ಹೀಗೆ ಈ ವಯಸ್ಸಿನಲ್ಲಿ ಕೂರುವ ಕೆಲಸಕ್ಕೆ ನೇಮಕಗೊಂಡೆ!

ಕುಶಾಲನಗರದ ಅಂಗಡಿಯಲ್ಲಿ ಇದ್ದದ್ದು ಒಂದೇ ಕುರ್ಚಿ. ಕಪ್ಪಗೆ, ಮಿರಮಿರನೆ ಮಿಂಚುತ್ತ, ಬಾಯ್ದೆರೆದ ಎಮ್ಮೆಯ ಹಾಗಿತ್ತು. ನನ್ನನ್ನು ಅದರೊಳಗೆ ಕೂರಿಸಿದ ಸೇಲ್ಸ್‌ಮನ್ ಹೆಮ್ಮೆಯಿಂದ, “ಸರ್, ಇದರಲ್ಲಿ ಜೀರೋ ಗ್ರಾವಿಟಿ ಉಂಟು” ಎಂದ.

“ಅಂದ್ರೆ?”

“ಮೈಭಾರವೇ ಇಲ್ಲದ ಹಾಗೆ ಆಗ್ತದೆ ಸರ್. ಆಕಾಶದಲ್ಲಿ ತೇಲಿದ ಹಾಗೆ.”

“ಕಾಲು ಒತ್ತಿಸ್ಕೊಳ್ಳಿಕ್ಕೆ ಅಷ್ಟು ಮೇಲೆ ಯಾಕೆ ಹೋಗ್ಬೇಕು ಮಾರಾಯ? ಸಿದ್ದಾಪುರದಲ್ಲೇ ಕೂತ್ರೆ ಸಾಲದಾ?”

ಕುರ್ಚಿ ನನ್ನ ಬೆನ್ನು ಗುದ್ದಿತು, ಹೆಗಲು ಹಿಂಡಿತು, ಕಾಲು ಹಿಸುಕಿತು. ನಾನು ಒಳ್ಳೆಯ ಅಂಕ ಕೊಡಬೇಕು ಎನ್ನುವಷ್ಟರಲ್ಲಿ ತಟ್ಟನೆ ನಿಂತಿತು.

“ಎಂತ ಆಯ್ತು ಇದಕ್ಕೆ?” ಎಂದರು ಭಾವ.

“ಕಾಲು ಗಂಟೆಗೆ ತನ್ನಷ್ಟಕ್ಕೇ ಆಫ್ ಆಗ್ತದೆ ಸರ್. ಆರೋಗ್ಯಕ್ಕೆ ಒಳ್ಳೇದು.”

“ಯಾರ ಆರೋಗ್ಯಕ್ಕೆ? ಅದರದ್ದಾ?”

ಹೊರಗೆ ಬಂದ ಮೇಲೂ ಅವರ ಸಿಟ್ಟು ಇಳಿದಿರಲಿಲ್ಲ. “ಕಾಲು ಗಂಟೆಗೆ ಕೆಲಸ ನಿಲ್ಸೋ ಆಳಿಗೆ ನಾನು ಅರ್ಧ ಹಾಜರಿಯೂ ಹಾಕಿದವನಲ್ಲ” ಎಂದರು. ಆಗ ನನಗೆ ಅರ್ಥವಾಯಿತು. ಈ ಮಹಾನುಭಾವರು ಕುರ್ಚಿ ಕೊಳ್ಳಲು ಬಂದದ್ದಲ್ಲ, ಕೆಲಸಕ್ಕೆ ಜನ ತೆಗೆದುಕೊಳ್ಳಲು ಬಂದದ್ದು!

ಮುಂದಿನ ವಾರ ಮೈಸೂರು. ಅಲ್ಲಿಯ ಅಂಗಡಿ ದೊಡ್ಡದು. ಕುರ್ಚಿಗಳು ಸಾಲಾಗಿ ನಿಂತಿದ್ದವು. ಅದನ್ನು ನೋಡುತ್ತಲೇ ಭಾವನ ಮೈಯಲ್ಲಿ ಹಳೆಯ ರೈಟರ್ ಎದ್ದು ಕೂತ. ತಪ್ಪಾಯಿತು, ಎದ್ದು ನಿಂತ! ಕೈ ಹಿಂದಕ್ಕೆ ಕಟ್ಟಿಕೊಂಡು ಸಾಲಿನ ಈ ತುದಿಯಿಂದ ಆ ತುದಿಗೆ ಹೋಗಿ ಬಂದರು. ಹೆಸರು ಕರೆದರೆ ಕುರ್ಚಿಗಳು ‘ಹಾಜರ್’ ಎನ್ನುತ್ತಿದ್ದವೋ ಏನೋ. ಆಮೇಲೆ ನನ್ನನ್ನು ಒಂದೊಂದರಲ್ಲೇ ಕೂರಿಸುತ್ತ ಬಂದರು.

ಮೊದಲನೆಯದು ಹೆಗಲ ಹತ್ತಿರವೇ ಗುದ್ದುತ್ತ ನಿಂತಿತು. “ಒಂದೇ ಗಿಡದ ಬುಡದಲ್ಲಿ ನಿಂತು ಹರಟೆ ಹೊಡೀತದೆ. ಬೇಡ” ಎಂದರು ಭಾವ. ಇನ್ನೊಂದು ಮೇಲಿಂದ ಕೆಳಗಿನವರೆಗೆ ಭರಭರನೆ ಉಜ್ಜಿಕೊಂಡು ಹೋಯಿತು. “ಹಣ್ಣು ಯಾವುದು, ಕಾಯಿ ಯಾವುದು ಗೊತ್ತಿಲ್ಲ ಇದಕ್ಕೆ. ಮೂಳೆಗೂ ಮಾಂಸಕ್ಕೂ ಒಂದೇ ಪೆಟ್ಟು. ಗಿಡ ಹಾಳು ಮಾಡೋ ಕೊಯ್ಲು ಇದು!” ಗಿಡ ನಾನು. ಮತ್ತೊಂದರಲ್ಲಿ ಹಾಡೂ ಬರುತ್ತಿತ್ತು. “ಹಾಡಿಕೊಂಡು ಕೆಲಸ ಮಾಡಿದ್ರೆ ನನ್ನ ಅಡ್ಡಿ ಇಲ್ಲ, ಆದ್ರೆ ಇದು ಬರೀ ಹಾಡ್ತದೆ.”

ಕಾಲಿನ ವಿಷಯಕ್ಕೆ ಬಂದಾಗಲಂತೂ ಅವರ ಪ್ರಶ್ನೆಗಳಿಗೆ ಕೊನೆಯೇ ಇಲ್ಲ.

“ಮೊಣಕಾಲ ಹಿಂದೆ ಒತ್ತಿತಾ?”

“ಒತ್ತಿತು ಭಾವ.”

“ಒತ್ತಬಾರ್ದು! ಅಲ್ಲಿಂದ ಒಂದಿಷ್ಟು ಕೆಳಗೆ ಶುರು ಆಗ್ಬೇಕು. ಮೆಲ್ಲ ಹಿಡಿದು, ಸ್ವಲ್ಪ ತಡೆದು, ಆಮೇಲೆ ಬಿಡ್ಬೇಕು. ತಟ್ಟಂತ ಬಿಟ್ರೆ ಮತ್ತೆ ಸೆಳೀತದೆ. ಎಡಗಾಲಿಗೆ ಜಾಸ್ತಿ ಹೊತ್ತು ಬೇಕು.”

“ಇದೆಲ್ಲ ಯಾವ ಕಾಲೇಜಿನಲ್ಲಿ ಕಲಿತಿರಿ?” ಎಂದೆ.

ಭಾವ ತಮ್ಮ ಮುಂಗೈಯನ್ನೇ ಕಾಲು ಇಡುವ ತೊಟ್ಟಿಯೊಳಗೆ ತೂರಿಸಿ, ಕಣ್ಣು ಮುಚ್ಚಿ ನಿಂತರು. ಸೇಲ್ಸ್‌ಮನ್ ಗಾಬರಿಯಾಗಿ, “ಸಾರ್, ಅದು ಕಾಲಿಗೆ ಸಾರ್!” ಎಂದ. “ಗೊತ್ತುಂಟು, ಸುಮ್ನಿರಪ್ಪ” ಎಂದರು ಭಾವ, ಕಣ್ಣು ಬಿಡದೆ. ಅಷ್ಟರಲ್ಲಿ ನಮ್ಮ ಸುತ್ತ ಸಣ್ಣ ಜಾತ್ರೆ ನೆರೆದಿತ್ತು. ಗ್ರಾಹಕಳೊಬ್ಬಳು ನನ್ನ ಹತ್ತಿರ ಬಗ್ಗಿ ಮೆಲ್ಲಗೆ ಕೇಳಿದಳು: “ಮೇಡಂ, ನೀವು ದಿನಾ ಇಲ್ಲಿ ಕೂತಿರ್ತೀರಾ?”

ಕೊನೆಗೆ ಸಾಲಿನ ತುದಿಯಲ್ಲಿದ್ದ ಕಂದು ಬಣ್ಣದ ಕುರ್ಚಿಯೊಂದು ಭಾವನ ಮುಖದಲ್ಲಿ ಅರೆಬರೆ ಸಮಾಧಾನ ಮೂಡಿಸಿತು. ಆದರೆ ಕೊಳ್ಳಲಿಲ್ಲ! “ಮನೆಗೆ ಕಳ್ಸಿ. ಕೆಲಸ ನೋಡಿ ಹೇಳ್ತೇನೆ” ಎಂದರು. ಅಂಗಡಿಯವರು ಅಂಥ ಪದ್ಧತಿ ಇಲ್ಲ ಎಂದರು. ಇವರು ಹೊಸ ಆಳನ್ನು ನೋಡದೆ ತೆಗೆದುಕೊಳ್ಳುವ ಪದ್ಧತಿ ತಮ್ಮಲ್ಲಿ ಇಲ್ಲ ಎಂದರು. ಮಧ್ಯಾಹ್ನದ ಊಟದ ಹೊತ್ತು ಮೀರುತ್ತಿದೆ ಎಂದು ನಾನು ಎದ್ದು ನಿಂತು, ತರಗತಿಯ ದನಿಯಲ್ಲಿ ಒಂದು ಮಾತು ಹೇಳಬೇಕಾಯಿತು. ಹಿಡಿಸದಿದ್ದರೆ ವಾಪಸು ಎಂಬ ಒಪ್ಪಂದದ ಮೇಲೆ ಕುರ್ಚಿ ಪಿಕಪ್ ಹತ್ತಿತು.

ಸಿದ್ದಾಪುರದ ಮನೆಯ ಹಜಾರದಲ್ಲಿ ಅದನ್ನು ಇಳಿಸಿದಾಗ ಅಕ್ಕ ಸೊಂಟದ ಮೇಲೆ ಕೈಯಿಟ್ಟು ನೋಡಿದಳು.

“ಇದೆಂತದ್ದು? ಬಸ್ಸಿನ ಡ್ರೈವರ್ ಸೀಟು ಕಿತ್ಕೊಂಡು ಬಂದ್ರಾ?”

“ಕೂತು ನೋಡು.”

“ಮೊದ್ಲು ಅವಳು ಕೂರ್ಲಿ. ಅಭ್ಯಾಸ ಆಗಿದೆಯಲ್ಲ!”

ಕೂತೆ. ಕುರ್ಚಿ ನನ್ನನ್ನು ಹಿಂದಕ್ಕೆ ಮಲಗಿಸಿ, ಕಾಲುಗಳನ್ನು ಎತ್ತರಕ್ಕೆ ಎತ್ತಿ, ಮೀನಖಂಡಗಳನ್ನು ಭದ್ರವಾಗಿ ಹಿಡಿದುಕೊಂಡಿತು. ಅದೇ ಕ್ಷಣಕ್ಕೆ ಕರೆಂಟು ಹೋಯಿತು!

“ಭಾವ, ಯಾವಾಗ ಬರ್ತದೆ?”

“ಕಾಫಿ ಹೂವಿನ ಕಾಲ ಅಲ್ವಾ ಮಾರಾಯ್ತಿ. ಎಲ್ಲಾ ತೋಟದಲ್ಲೂ ನೀರು ಹಾರಿಸೋ ಮೋಟಾರು ಓಡ್ತಾ ಉಂಟು. ಬಂದಾಗ ಬರ್ತದೆ.”

ನಾನು ಹಾಗೇ ಮಲಗಿದ್ದೆ, ತಲೆ ಕೆಳಗೆ, ಪಾದ ಮೇಲೆ. ವಿಧಿಗೆ ಅಷ್ಟು ಸಾಲಲಿಲ್ಲ. ಮಗಳ ಮದುವೆಯ ಕರೆಯೋಲೆ ಕೊಡಲು ಒಬ್ಬರು ಬಂದರು. ನನ್ನನ್ನು ನೋಡಿ ಬಾಗಿಲಲ್ಲೇ ನೆಟ್ಟಗೆ ನಿಂತರು. “ನಮಸ್ತೆ ಟೀಚರ್!” ನನ್ನ ಹಳೆಯ ವಿದ್ಯಾರ್ಥಿ! ಒಳ್ಳೆಯ ಸಂಸ್ಕಾರದವನು. ಗುರುಗಳ ಪಾದ ಮುಟ್ಟಿ ನಮಸ್ಕರಿಸಲು ಮುಂದೆ ಬಂದ. ಬಗ್ಗುವ ಶ್ರಮವೇ ಇರಲಿಲ್ಲ. ಪಾದಗಳು ಅವನ ಎದೆಯ ಮಟ್ಟಕ್ಕೇ ಸಿದ್ಧವಾಗಿದ್ದವು. ಮಲಗಿದಲ್ಲಿಂದಲೇ ಕೈಯೆತ್ತಿ, “ಒಳ್ಳೇದಾಗಲಿ, ನೆಟ್ಟಗೆ ನಿಲ್ಲು” ಎಂದೆ. ಬೇರೇನು ಹೇಳಲಿ?

ಅವನು ಹೋದ ಮೇಲೆ ಕರೆಂಟು ಬಂತು. ನನ್ನ ಮಾನ ಹೋದದ್ದರ ಬಗ್ಗೆ ಭಾವನಿಗೆ ಚಿಂತೆಯೇ ಇಲ್ಲ. ಕುರ್ಚಿಯ ತೋಳು ತಟ್ಟಿ, “ಕರೆಂಟು ಹೋದ್ರೂ ಹಿಡಿದ ಕಾಲು ಬಿಡ್ಲಿಲ್ಲ ನೋಡು! ನಂಬ್ಲಿಕ್ಕೆ ಆಗ್ತದೆ. ಇದೇ ಇರ್ಲಿ” ಎಂದು ತೀರ್ಪು ಕೊಟ್ಟರು.

ಈಗ ಅಕ್ಕ ಕೂತಳು. ಭಾವ ಮಣೆ ಎಳೆದುಕೊಂಡು ಅವಳ ಕಾಲ ಬಳಿ ಕೂತು ರಿಮೋಟಿನ ಗುಂಡಿ ಒತ್ತಲು ನೋಡಿದರು. ಹೆಬ್ಬೆರಳು ಗುಂಡಿಯ ಮೇಲೆ ಜಾರಿತು, ಒತ್ತಲಿಲ್ಲ. ಎರಡೂ ಕೈ ಸೇರಿಸಿ ನೋಡಿದರು, ಆಗಲಿಲ್ಲ. ನಾನೇ ಒತ್ತಿದೆ. ಕುರ್ಚಿ ಗುರ್ ಎಂದಿತು. ಭಾವ ತಟ್ಟನೆ ಎದ್ದು, “ಎಣ್ಣೆ ಹಚ್ಚದೆ ಹೇಗೆ?” ಎಂದು ಒಳಗೆ ಹೋದರು.

“ಭಾವ, ಅದು ಮೆಷಿನ್ನು! ಎಣ್ಣೆ ಬೇಡ!” ಎಂದು ಕೂಗಿ ನಾನು ನಕ್ಕೆ.

ಅಕ್ಕ ನಗಲಿಲ್ಲ. “ಅವರಿಗೆ ಅದೇ ಅಭ್ಯಾಸ ಕಣೇ” ಎಂದಳು.

“ಯಾರಿಗೆ, ಎಂತ ಅಭ್ಯಾಸ?”

“ನಾನು ಶಿಶುವಿಹಾರಕ್ಕೆ ಸೇರಿದಾಗಿಂದ ದಿನಾ ಅವರೇ ಒತ್ತುತ್ತಿದ್ದದ್ದು. ಎಣ್ಣೆ ಬೆಚ್ಚಗೆ ಮಾಡಿ, ಬಾಗಿಲಿಗೆ ಅಗುಳಿ ಹಾಕಿ. ರೈಟರ್ ಹೆಂಡತಿ ಕಾಲು ಹಿಡಿದ ಅಂತ ಲೈನ್ ಮನೆಗಳಲ್ಲಿ ಸುದ್ದಿಯಾದ್ರೆ ಮರುದಿನ ಆ ಆಳುಗಳ ಹಾಜರಿ ಕರೆಯೋದು ಹೇಗೆ ಹೇಳು? ಕಳೆದ ಮಳೆಗಾಲದಲ್ಲಿ ಕೈ ಸೋತಿತು. ಬೆರಳು ಮಡಚಲಿಕ್ಕೇ ಆಗೋದಿಲ್ಲ. ನೋವು ಅಂತ ಒಂದು ಮಾತು ಹೇಳ್ಲಿಲ್ಲ. ‘ನನಗೊಬ್ಬ ಬದಲಿ ಆಳು ಹುಡುಕ್ತೇನೆ’ ಅಂದ್ರು, ಅಷ್ಟೇ.”

ಎಸ್ಟೇಟಿನಲ್ಲಿ ಕೆಲಸಕ್ಕೆ ಬರಲಾಗದವರು ತಮ್ಮ ಜಾಗಕ್ಕೆ ಇನ್ನೊಬ್ಬರನ್ನು ಕಳಿಸುತ್ತಾರೆ. ಅವರೇ ಬದಲಿ ಆಳು.

ಭಾವ ಎಣ್ಣೆಯ ಬಟ್ಟಲನ್ನು ಎರಡೂ ಅಂಗೈಗಳ ನಡುವೆ ಹಿಡಿದುಕೊಂಡು ಬಂದರು. ಕುರ್ಚಿಯ ಹಿಡಿತದಲ್ಲಿದ್ದ ಅಕ್ಕನ ಕಾಲುಗಳನ್ನೇ ನೋಡುತ್ತ, “ಹೇಗೆ ಮಾಡ್ತಾನೆ?” ಎಂದು ಕೇಳಿದರು.

“ಪರವಾಗಿಲ್ಲ, ಕಲಿತಾನೆ” ಎಂದಳು ಅಕ್ಕ. ಬಟ್ಟಲು ತೆಗೆದುಕೊಂಡು ತನ್ನ ಮಡಿಲಲ್ಲಿ ಇಟ್ಟುಕೊಂಡಳು. ಅವರನ್ನು ಪಕ್ಕದಲ್ಲಿ ಮಣೆಯ ಮೇಲೆ ಕೂರಿಸಿ, ಬಲಗೈಯನ್ನು ಎಳೆದುಕೊಂಡು, ಎಣ್ಣೆ ಹಚ್ಚಿ, ಕಿರುಬೆರಳಿನಿಂದ ಶುರುಮಾಡಿ ಒಂದೊಂದೇ ಬೆರಳನ್ನು ಮೆಲ್ಲಗೆ ನೀವತೊಡಗಿದಳು.

ಅಷ್ಟರಲ್ಲಿ ಹೊಸ ಕುರ್ಚಿ ನೋಡಲೆಂದು ಪಕ್ಕದ ಮನೆಯಾಕೆ ತೆರೆದ ಬಾಗಿಲಿನಿಂದ ನೇರ ಒಳಗೆ ಬಂದರು. ಭಾವ ಬೆಚ್ಚಿ ಕೈ ಹಿಂದಕ್ಕೆ ಎಳೆದರು. ಅಕ್ಕ ಬಿಡಲಿಲ್ಲ. ಬಂದವರಿಗೆ ಗದ್ದದಲ್ಲೇ ಕುರ್ಚಿ ತೋರಿಸಿ, ಗಂಡನ ಕಡೆಗೆ ತಿರುಗಿದಳು.

“ಸುಮ್ನೆ ಕೂತ್ಕೊಳ್ಳಿ. ಹೆಬ್ಬೆರಳು ಬಾಕಿ ಉಂಟು.”