ಬಾಣಂತನ ನೋಡಿ ಮರಿ ಕೊಡುವ ದೊಡ್ಡಮ್ಮ

ಭಟ್ಕಳದಿಂದ ಕುಮಟೆಯವರೆಗೆ ನಮ್ಮ ದೊಡ್ಡಮ್ಮನಿಗೆ ಹೆದರದ ಗಂಡಸು ಯಾರಾದರೂ ಇದ್ದರೆ, ಅವನು ಒಂದೋ ಬೇರೆ ಜಿಲ್ಲೆಯಿಂದ ವರ್ಗವಾಗಿ ಬಂದವನಾಗಿರಬೇಕು, ಇಲ್ಲವೇ ತನ್ನ ಹುಟ್ಟಿನ ವೃತ್ತಾಂತ ಅವನಿಗೆ ಗೊತ್ತಿರಬಾರದು! ಉಳಿದವರನ್ನೆಲ್ಲ ಅವಳು ಮೈಮೇಲೆ ಬಟ್ಟೆಯಿಲ್ಲದೆ ನೋಡಿದ್ದಾಳೆ. ತಪ್ಪು ತಿಳಿಯಬೇಡಿ. ದೊಡ್ಡಮ್ಮ ಎಂದರೆ ನನ್ನ ಅಮ್ಮನ ಅಕ್ಕ. ಸರಕಾರಿ ಆಸ್ಪತ್ರೆಗಳಲ್ಲಿ ಹೆರಿಗೆ ಮಾಡಿಸುತ್ತಲೇ ತಲೆಕೂದಲು ಬೆಳ್ಳಗೆ ಮಾಡಿಕೊಂಡ ನರ್ಸು. ಮುರ್ಡೇಶ್ವರ, ಮಾವಳ್ಳಿ, ಸಂತೆಗುಳಿ ಎಂದು ಕಳಿಸಿದಲ್ಲೆಲ್ಲ ಹೋಗಿ, ಈಗ ನಿವೃತ್ತಳಾಗಿ ಹೊನ್ನಾವರದಲ್ಲಿ ಒಬ್ಬಳೇ ಇದ್ದಾಳೆ. ಮದುವೆಯಾಗಲಿಲ್ಲ. ಬೇರೆಯವರ ಮದುವೆಯ ಫಲ ಎತ್ತಿ ಎತ್ತಿಯೇ ಕೈ ಸೋತು ಹೋಯಿತು ಎನ್ನುತ್ತಾಳೆ.

ನಿವೃತ್ತಿಯಾದವರು ಏನು ಮಾಡುತ್ತಾರೆ? ಭಜನೆ, ವಾಕಿಂಗು, ಬೆಳಗಾದರೆ ಮೊಬೈಲಿನಲ್ಲಿ ಎಲ್ಲರಿಗೂ ಗುಲಾಬಿ ಹೂವಿನ ಚಿತ್ರ. ನಮ್ಮ ದೊಡ್ಡಮ್ಮ ಬೆಕ್ಕಿನ ಮರಿ ಹಂಚುತ್ತಾಳೆ.

ಮರಿಗಳು ಎಲ್ಲಿಂದ ಬರುತ್ತವೆ ಎನ್ನುತ್ತೀರಾ? ನಮ್ಮ ಕಡೆಯ ಜನ ಬಹಳ ದಯಾವಂತರು. ಮನೆಯ ಬೆಕ್ಕು ಮರಿ ಹಾಕಿದರೆ ಕೊಲ್ಲುವುದಿಲ್ಲ. ಚೀಲದಲ್ಲಿ ಹಾಕಿ ಮೀನು ಪೇಟೆಯಲ್ಲಿ ಬಿಟ್ಟು ಬರುತ್ತಾರೆ. ಮೀನು ಪೇಟೆಯಲ್ಲಿ ಬಿಟ್ಟ ಬೆಕ್ಕು ಉಪವಾಸ ಬೀಳುವುದುಂಟೇ ಎಂಬುದು ಅವರ ವಾದ. ಸರಿಯಾಗಿ ಕಣ್ಣೇ ಬಿಡದ ಮರಿ ಬಂಗಡೆಯನ್ನು ಹೇಗೆ ಜಗಿಯುತ್ತದೆ ಎಂದು ಮಾತ್ರ ಯಾರೂ ಯೋಚಿಸುವುದಿಲ್ಲ. ಚೀಲ ಇಳಿಸಿ, ಬಂದದ್ದಕ್ಕೆ ಇರಲಿ ಎಂದು ಸಾರಿಗೆ ನಾಲ್ಕು ಮೀನು ಕೊಂಡು, ನೆಮ್ಮದಿಯಾಗಿ ಮನೆಗೆ ಹೋಗುತ್ತಾರೆ. ಅವರು ಅತ್ತ ತಿರುಗಿದ ಕೂಡಲೇ ಮೀನು ಮಾರುವ ಹೆಂಗಸರು ದೊಡ್ಡಮ್ಮನಿಗೆ ಫೋನು ಮಾಡುತ್ತಾರೆ. ಊರವರಿಗೆಲ್ಲ ಅವಳು ನರ್ಸ್ ಬಾಯಿ, ಅಂದರೆ ನರ್ಸಮ್ಮ. “ಬಾಯಿ, ಮತ್ತೆ ಬಂದದೆ” ಎಂದಷ್ಟೇ ಹೇಳಿದರೆ ಸಾಕು. ಅವಳು ಮುಚ್ಚಳವಿರುವ ಪ್ಲಾಸ್ಟಿಕ್ ಬುಟ್ಟಿ ಹಿಡಿದು ಹೊರಟುಬಿಡುತ್ತಾಳೆ.

ಮನೆಗೆ ತಂದ ಮರಿಯನ್ನು ಹಳೇ ವಾಯಿಲ್ ಸೀರೆಯ ತುಂಡಿನಲ್ಲಿ ಎಳೆಕೂಸಿನ ಹಾಗೇ ಸುತ್ತಿ, ಹನಿ ಹನಿಯಾಗಿ ಹಾಲು ಕುಡಿಸಿ, ಬೆನ್ನು ತಟ್ಟುತ್ತಾಳೆ. ಬೆಕ್ಕಿಗೆ ತೇಗು ಬರಬೇಕೇ ಎಂದು ಒಮ್ಮೆ ಕೇಳಿದ್ದಕ್ಕೆ, ನಿನಗೆ ಬಂದಿತ್ತಲ್ಲ ಎಂದಳು. ಹೀಗೆ ಸಾಕಿ, ಮರಿ ತಾನಾಗಿ ಅನ್ನ ನೆಕ್ಕುವಷ್ಟಾದ ಮೇಲೆ ಅದಕ್ಕೊಂದು ಮನೆ ಹುಡುಕುವ ಕೆಲಸ ಶುರುವಾಗುತ್ತದೆ. ದೊಡ್ಡಮ್ಮನ ನಿಜವಾದ ವಿಚಿತ್ರ ಇರುವುದೇ ಇಲ್ಲಿ.

ಒಮ್ಮೆ ನಾವಿಬ್ಬರೂ ಭಟ್ಕಳದಿಂದ ಹೊನ್ನಾವರಕ್ಕೆ ಬಸ್ಸಿನಲ್ಲಿ ಬರುತ್ತಿದ್ದೆವು. ಕೊಡಬೇಕೆಂದುಕೊಂಡಿದ್ದ ಮನೆ ಮನಸ್ಸಿಗೆ ಬರದೆ ಮರಿಯನ್ನು ವಾಪಸು ತರುತ್ತಿದ್ದಳು. ಬುಟ್ಟಿಯೊಳಗಿನ ಗಲಾಟೆ ಕೇಳಿ, ಎಳೆಯ ವಯಸ್ಸಿನ ಕಂಡಕ್ಟರ್ ಪ್ರಾಣಿಗೂ ಟಿಕೆಟ್ ತೆಗೆಯಬೇಕು ಎಂದ. ದೊಡ್ಡಮ್ಮ ಅವನ ಮುಖವನ್ನೇ ನೋಡಿದಳು. ಯಾವ ಊರು ಎಂದಳು. ಮಾವಳ್ಳಿ ಎಂದ. ಯಾರ ಮಗ ಎಂದಳು. ಹೇಳಿದ.

“ನೀ ಹುಟ್ಟಿದ್ದು ಟೆಂಪೋದಲ್ಲಿ. ಆಸ್ಪತ್ರೆ ಮುಟ್ಟೂದ್ರೊಳಗೇ ಹೊರಗೆ ಬಂದಿದ್ದೆ. ಆ ದಿವ್ಸ ನಿನ್ನ ಟಿಕೆಟ್ ಯಾರು ತೆಗ್ದಿದ್ರು?”

ಬಸ್ಸಿಗೆ ಬಸ್ಸೇ ನಕ್ಕಿತು. ಕಂಡಕ್ಟರ್ ಕಿವಿಯವರೆಗೆ ಕೆಂಪಾಗಿ ಮುಂದಿನ ಸೀಟಿಗೆ ಹೋದ. ನಾವು ಇಳಿಯುವಾಗ ಬುಟ್ಟಿ ಹಗುರವಾಗಿತ್ತು. ಮರಿ ಅವನ ಜೊತೆ ಮಾವಳ್ಳಿಗೆ ಹೊರಟಿತ್ತು. ಅವನ ಕೈಗೆ ಹೇಗೆ ಧೈರ್ಯವಾಗಿ ಕೊಟ್ಟೆ ಎಂದು ಕೇಳಿದೆ. ಟೆಂಪೋದಲ್ಲಿ ಅವನ ಅಪ್ಪ ತನ್ನ ಅಂಗಿ ಬಿಚ್ಚಿ ಕೂಸಿಗೆ ಹೊದೆಸಿದ್ದನಂತೆ. ಇಷ್ಟೇ ಅವಳ ವಿಚಾರಣೆ.

ಅದೇ ಅವಳ ಅಳತೆಗೋಲು ನೋಡಿ. ಮನೆ ದೊಡ್ಡದೋ ಸಣ್ಣದೋ, ಅಂಗಳಕ್ಕೆ ಗೇಟು ಇದೆಯೋ, ನಾಯಿ ಇದೆಯೋ, ಯಾವುದನ್ನೂ ಕೇಳುವುದಿಲ್ಲ. ಆ ಮನೆಯಲ್ಲಿ ಹಿಂದೆ ಬಾಣಂತಿಯನ್ನು ಹೇಗೆ ನೋಡಿಕೊಂಡಿದ್ದರು ಎಂಬುದು ಅವಳಿಗೆ ನೆನಪಿರುತ್ತದೆ. ಅದರ ಮೇಲೆ ತೀರ್ಪು! ಹೊನ್ನಾವರದಲ್ಲೇ ಒಬ್ಬರು, ಟೈಲ್ಸು ಹಾಕಿದ ಮಹಡಿ ಮನೆಯವರು, ಮೊಮ್ಮಗಳು ಹಟ ಮಾಡುತ್ತಾಳೆಂದು ತಾವಾಗಿ ಬಂದು ಮರಿ ಕೇಳಿದರು. ಕೊಡಲಿಲ್ಲ. ಆ ಮನೆಯಲ್ಲಿ ಬಾಣಂತಿಯ ಪಾಲಿನ ತುಪ್ಪವನ್ನು ಅತ್ತೆ ಎತ್ತಿಟ್ಟು ಮಗನಿಗೆ ಬಡಿಸುತ್ತಿದ್ದಳಂತೆ. ಆ ಅತ್ತೆ ಸತ್ತು ಎಷ್ಟೋ ಕಾಲವಾಯಿತಲ್ಲ, ಈಗ ಮರಿ ಕೇಳಲು ಬಂದವಳೇ ಆ ಬಾಣಂತಿಯಲ್ಲವೇ ಎಂದು ನಾನು ವಕಾಲತ್ತು ಮಾಡಿದೆ. ಹೌದು, ಈಗ ಅವಳೂ ಅತ್ತೆಯಾಗಿದ್ದಾಳೆ, ಅವಳ ಸೊಸೆ ಎಷ್ಟು ಸೊರಗಿದ್ದಾಳೆ ನೋಡಿದ್ದೀಯಾ ಎಂದು ನನ್ನ ಬಾಯಿಯನ್ನೇ ಮುಚ್ಚಿಸಿದಳು.

ಅದೇ ಭಟ್ಕಳದ ಒಂದು ನವಾಯತಿ ಮುಸ್ಲಿಮರ ಮನೆಗೆ ಕೇಳದೆಯೇ ಎರಡು ಮರಿ ಕೊಟ್ಟು ಬಂದಳು. ಅಲ್ಲಿಯ ದೊಡ್ಡಮ್ಮ, ಅಂದರೆ ಆ ಮನೆಯ ಹಿರಿಯಾಕೆ, ಸೊಸೆಯ ಹೆರಿಗೆಯಾದಾಗ ಆಸ್ಪತ್ರೆಯ ನೆಲದ ಮೇಲೆ ಕೂತು ಬೀಸಣಿಗೆ ಹಾಕುತ್ತಲೇ ಇದ್ದರಂತೆ. ಮುಂದೊಮ್ಮೆ ಯೋಗಕ್ಷೇಮ ನೋಡಲು ನನ್ನನ್ನೂ ಕರೆದುಕೊಂಡು ಹೋದಳು. ಮರಿಗಳು ಮಖಮಲ್ಲಿನ ದಿಂಬಿನ ಮೇಲೆ ಮಲಗಿದ್ದವು. ದೊಡ್ಡಮ್ಮ ಬಾ ಬಾ ಎಂದು ಕರೆದರೆ ಕಿವಿಯೂ ಅಲುಗಿಸಲಿಲ್ಲ. ಮನೆಯವರು ತಮ್ಮ ನವಾಯತಿ ಮಾತಿನಲ್ಲಿ ಅದೇನೋ ಅಂದರು ನೋಡಿ, ಎರಡೂ ಎದ್ದು ಓಡಿದವು! ನನಗೆ ನಗು. ದೊಡ್ಡಮ್ಮನಿಗೆ ಮಾತ್ರ ಒಳ್ಳೆಯ ಮನೆ ಸೇರಿದ ಮಗಳನ್ನು ಕಂಡಷ್ಟು ಹೆಮ್ಮೆ. ಸೇಮಿಗೆ ಪಾಯಸ ಕುಡಿದು ಬಂದೆವು.

ಇಷ್ಟೆಲ್ಲ ಇದ್ದರೂ ಒಂದು ವಿಷಯದಲ್ಲಿ ಅವಳು ಶುದ್ಧ ಸುಳ್ಳುಗಾತಿ. ಬೆಕ್ಕು ಬೇಕೆಂದು ಬರುವವರೆಲ್ಲ ಗಂಡು ಮರಿಯನ್ನೇ ಕೇಳುತ್ತಾರೆ. ಹೆಣ್ಣಾದರೆ ವರ್ಷಕ್ಕೆರಡು ಸಲ ಮರಿ ಹಾಕುತ್ತದಲ್ಲ! ಆದರೆ ಚೀಲದಲ್ಲಿ ಬರುವುದು ಬಹುಪಾಲು ಹೆಣ್ಣೇ. ದೊಡ್ಡಮ್ಮ ಗಂಡೇ ಎಂದು ಹೇಳಿ ಕೊಟ್ಟುಬಿಡುತ್ತಾಳೆ. ಸಂತೆಗುಳಿಯ ಗದ್ದೆ ಮಾಡುವವರೊಬ್ಬರು ಹೀಗೆ ಕೊಂಡುಹೋದ ಮರಿಗೆ ರಾಜ ಎಂದು ಹೆಸರಿಟ್ಟರು. ಕೆಲವು ತಿಂಗಳಲ್ಲಿ ರಾಜನ ಹೊಟ್ಟೆ ದೊಡ್ಡದಾಯಿತು. ಅವರು ರಾಜನನ್ನು ಕಂಕುಳಲ್ಲಿಟ್ಟುಕೊಂಡು ಬಸ್ಸು ಹತ್ತಿ ಹೊನ್ನಾವರಕ್ಕೇ ಬಂದರು. ಸಾವಿರ ಕೂಸು ಕಂಡ ನರ್ಸ್ ಬಾಯಿಗೆ ಗಂಡು ಹೆಣ್ಣಿನ ವ್ಯತ್ಯಾಸ ತಿಳಿಯಲಿಲ್ಲವೇ ಎಂದು ಜಗಲಿಯಲ್ಲಿ ನಿಂತು ಕೇಳಿದರು.

ದೊಡ್ಡಮ್ಮ ಶಾಂತವಾಗಿ ಹೇಳಿದಳು: “ಹುಟ್ಟಿದ ಕೂಡ್ಲೇ ಹೆಣ್ಣು ಅಂತ ಹೇಳಿ, ಎಷ್ಟು ಮನೆಯವ್ರ ಮುಖ ಬಾಡೂದು ನೋಡಿದೆ ನಾನು. ಅದ್ಕೇ ಈಗ ಸ್ವಲ್ಪ ತಡ ಮಾಡಿ ಹೇಳೂದು. ಬ್ಯಾಡಾದ್ರೆ ಇಲ್ಲೇ ಬಿಟ್ಟು ಹೋಗಿ.”

ಅವರು ರಾಜನನ್ನು ಕೆಳಗಿಳಿಸಿದರು. ರಾಜ ಅವರ ಕಾಲು ಸುತ್ತಿ ಸುತ್ತಿ ಮೈ ಉಜ್ಜಿತು. ಚಾ ಕುಡಿದು ಮುಗಿಸುವಷ್ಟರಲ್ಲಿ, ಇದಕ್ಕೆ ನನ್ನ ಬಟ್ಟಲಿನ ಅನ್ನವೇ ಆಗಬೇಕು, ನಿಮ್ಮಲ್ಲಿ ಸೇರಲಿಕ್ಕಿಲ್ಲ ಎಂದು ಮತ್ತೆ ಎತ್ತಿಕೊಂಡು ಹೋದರು. ಮರಿಗಳಾದ ಮೇಲೆ ದೊಡ್ಡಮ್ಮನೇ ಅಲ್ಲಿಗೆ ಹೋಗಿ, ಮುಂದೆ ತೊಂದರೆಯಾಗದಂತೆ ರಾಜನಿಗೆ ಆಪರೇಶನ್ನೂ ಮಾಡಿಸಿದಳು.

ಇಂಥ ದೊಡ್ಡಮ್ಮ ನಮ್ಮ ಮನೆಗೆ ಮಾತ್ರ ಮರಿ ಕೊಡಲಿಲ್ಲ ಎಂದರೆ ನಂಬುತ್ತೀರಾ? ನಾವಿರುವುದು ಕುಮಟೆಯಲ್ಲಿ. ಅಕ್ಕಂದಿರಿಬ್ಬರೂ ಮದುವೆಯಾಗಿ ಹೋದರು. ಮೂರನೆಯವಳಾದ ನಾನು ಗಂಡನನ್ನೇ ಇಲ್ಲಿಗೆ ಕರೆದುಕೊಂಡು ಬಂದೆ. ಅಪ್ಪ ಈಗಿಲ್ಲ. ಅಮ್ಮ, ನಾನು, ಅವರು. ನನಗೆ ಬೆಕ್ಕೆಂದರೆ ಜೀವ, ಕೇಳಿ ಕೇಳಿ ನಾಲಿಗೆ ಸವೆಯಿತು. ಒಮ್ಮೆ ನಿಮ್ಮ ಮನೆ ರಸ್ತೆಬದಿ ಎಂದಳು. ಇನ್ನೊಮ್ಮೆ ನಿನ್ನ ಗಂಡನಿಗೆ ಸೀನು ಬರುತ್ತದೆ ಎಂದಳು. ಅವರಿಗೆ ಸೀನು ಬರುವುದು ತೆಂಗಿನಕಾಯಿ ಸುಲಿದು ಕೊಡಿ ಎಂದಾಗ ಮಾತ್ರ! ಕೊನೆಕೊನೆಗೆ ನಾನು ಈ ಮಾತು ಎತ್ತಿದರೆ ದೊಡ್ಡಮ್ಮ ಕಿಟಕಿಯ ಕಡೆ ನೋಡುತ್ತಿದ್ದಳು, ಅಮ್ಮ ಒಳಗೆ ಹೋಗಿ ಪಾತ್ರೆ ತೊಳೆಯುತ್ತಿದ್ದಳು. ನನಗೂ ಅನುಮಾನ ಶುರುವಾಯಿತು. ದೊಡ್ಡಮ್ಮನ ತೀರ್ಪಿನಲ್ಲಿ ನಮ್ಮ ಮನೆ ಫೇಲಾಗಿದೆಯೇ? ಈ ಮನೆಯಲ್ಲಿ ಯಾವ ಬಾಣಂತಿಗೆ ಏನು ಕಡಿಮೆಯಾಗಿತ್ತು?

ಈ ವರ್ಷ ದೊಡ್ಡಮ್ಮನ ಮೊಣಕಾಲು ಮುಷ್ಕರ ಹೂಡಿತು. ಕುಮಟೆಯಲ್ಲಿ ಆಪರೇಶನ್ ಎಂದಾಯಿತು. ಆಮೇಲೆ ಬಹಳ ಕಾಲ ಬಗ್ಗುವಂತಿಲ್ಲ, ಬುಟ್ಟಿ ಹೊರುವಂತಿಲ್ಲ. ಇದ್ದಬದ್ದ ಮರಿಗಳನ್ನೆಲ್ಲ ಅವಸರದಲ್ಲಿ ದಡ ಮುಟ್ಟಿಸಿದಳು. ಒಂದು ಮಾತ್ರ ಉಳಿಯಿತು. ಬೂದಿ ಬಣ್ಣದ ಹೆಣ್ಣು ಮರಿ, ಒಂದು ಕಣ್ಣಿಗೆ ಬೆಳ್ಳಗೆ ಪೊರೆ. ಕಂಡವರೆಲ್ಲ ಅಯ್ಯೋ ಪಾಪ ಅಂದರು, ಯಾರೂ ಕೈ ಚಾಚಲಿಲ್ಲ. ಆಸ್ಪತ್ರೆ ಸೇರುವ ಮುಂಚಿನ ಮಧ್ಯಾಹ್ನ ಅವಳು ಕುಂಟುತ್ತ ನಮ್ಮ ಮನೆಗೆ ಬಂದಾಗ ಕೈಯಲ್ಲಿ ಬುಟ್ಟಿಯಿತ್ತು. ಊಟ ಮಾಡಿ, ಇಲ್ಲಿಯ ಮೀನು ಪೇಟೆಗೆ ಹೋಗಿ ಬರುತ್ತೇನೆ, ಅಲ್ಲಿ ಪರಿಚಯದವಳೊಬ್ಬಳು ಅಷ್ಟು ದಿನ ನೋಡಿಕೊಳ್ಳುತ್ತಾಳಂತೆ ಎಂದಳು.

ಚೀಲದಲ್ಲಿ ಬಿಟ್ಟುಹೋಗುವಂಥ ಜಾಗಕ್ಕೇ ಮರಿಯನ್ನು ಮತ್ತೆ ಒಯ್ಯುವುದೇ? ನನಗೆ ಸಿಟ್ಟು ನೆತ್ತಿಗೇರಿತು. ಇಲ್ಲಿ ಮೂರು ಜನ ಕೈ ಬೀಸಿಕೊಂಡು ಕೂತಿದ್ದೇವೆ, ನಮ್ಮ ಮನೆ ಅಂಥದ್ದೇನು ಪಾಪ ಮಾಡಿದೆ, ಇವತ್ತು ಹೇಳಿಯೇ ಹೋಗು ಎಂದು ಬಾಗಿಲಿಗೆ ಅಡ್ಡ ನಿಂತೆ. ದೊಡ್ಡಮ್ಮ ಬುಟ್ಟಿಯ ಮುಚ್ಚಳವನ್ನೇ ಸರಿಮಾಡತೊಡಗಿದಳು.

ಅಮ್ಮ ಒಳಗಿನಿಂದ ಕೈ ಒರೆಸಿಕೊಳ್ಳುತ್ತ ಬಂದು ಹೊಸ್ತಿಲ ಮೇಲೆ ನಿಂತಳು.

“ಅವ್ಳನ್ನ ಕೇಳ್ಬ್ಯಾಡ, ನಾನೇ ಹೇಳ್ತೆ. ನೀ ಹುಟ್ಟಿದಾಗ ನಾ ನಿನ್ನ ಎತ್ಕಳ್ಳಲಿಲ್ಲ. ಮೂರನೇದೂ ಹೆಣ್ಣು ಅಂತ ಗೋಡೆ ಬದಿಗೆ ತಿರುಗಿ ಮಲ್ಗಿದ್ದೆ. ಹಾಲೂ ಕೊಡಲಿಲ್ಲ. ಅಕ್ಕನೇ ನಿನ್ನ ಮಡಿಲಲ್ಲಿ ಹಾಕ್ಕಂಡು ಕುಂತಿದ್ದಳು. ಅದ್ಕೇ ಅವ್ಳು ಈ ಮನೆಗೆ ಮರಿ ಕೊಡೂದಿಲ್ಲ. ಕೊಡದೇ ಇದ್ದಿದ್ದೂ ಸರಿಯೇ.”

ಅಮ್ಮ ನನ್ನನ್ನು ನೋಡದೆ ನೆಲವನ್ನೇ ನೋಡುತ್ತಿದ್ದಳು. ಇಷ್ಟು ವರ್ಷ ನನ್ನ ತಲೆಗೆ ಎಣ್ಣೆ ಹಚ್ಚಿದ, ಜ್ವರ ಬಂದರೆ ಪಕ್ಕ ಬಿಟ್ಟೇಳದ ಅಮ್ಮ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಪಾತ್ರೆ ತೊಳೆಯುತ್ತಿದ್ದಳು ಎಂದು ತಿಳಿದು ಸಂಕಟವಾಯಿತು.

ದೊಡ್ಡಮ್ಮ ನಿಧಾನವಾಗಿ, ತಾಲೂಕಿಗೆ ತಾಲೂಕನ್ನೇ ಬೆದರಿಸಿದ ದನಿಯನ್ನು ತಗ್ಗಿಸಿ ಮಾತಾಡಿದಳು.

“ಎಂತ ಮಾತಾಡ್ತೆ ನೀನು? ಹಾಗೆ ತಿರುಗಿ ಮಲ್ಗಿದವ್ರನ್ನ ಎಷ್ಟು ಜನ ನೋಡಿದೆ ನಾನು. ಅದು ತಪ್ಪಲ್ಲ, ಸುಸ್ತು. ಮೂರನೇ ದಿನ ಇವ್ಳನ್ನ ನನ್ನ ಕೈಯಿಂದ ಎಳ್ಕಂಡೆಯಲ್ಲ, ಮತ್ತೆ ಕೆಳಗೆ ಇಳಿಸಿದ್ಯಾ? ನಾ ಕೊಡದೇ ಇದ್ದಿದ್ದು ಅದ್ಕಲ್ಲ. ಯಾರೋ ಬ್ಯಾಡ ಅಂತ ಬಿಟ್ಟ ಹೆಣ್ಣು ಮರಿ ತಂದು ನಿನ್ನ ಕೈಯಲ್ಲಿ ಇಟ್ರೆ, ಅಕ್ಕ ಹಳೇದೆಲ್ಲ ನೆನ್ಪು ಮಾಡಿ ಚುಚ್ಚೂಕೆ ತಂದಳು ಅಂತ ನೀ ಎಣ್ಸೂದು ಬ್ಯಾಡ ಅಂತ. ನಂಗೆ ಹೆದ್ರಿಕೆ.”

ಹೆದರಿಕೆ! ಈ ಶಬ್ದ ದೊಡ್ಡಮ್ಮನ ಬಾಯಲ್ಲಿ. ಅಕ್ಕ ತನ್ನನ್ನು ಕ್ಷಮಿಸಿಲ್ಲ ಎಂದು ತಂಗಿ, ತಂಗಿಗೆ ನೋವಾದೀತು ಎಂದು ಅಕ್ಕ, ನಾನು ಬೆಳೆದು ದೊಡ್ಡವಳಾಗುವಷ್ಟು ಕಾಲ ಇಬ್ಬರೂ ಸುಮ್ಮನಿದ್ದರು.

ಅಮ್ಮ ಬುಟ್ಟಿಯ ಪಕ್ಕ ಕೂತು ಮುಚ್ಚಳ ತೆಗೆದಳು. ಮರಿಯನ್ನು ಎರಡೂ ಕೈಯಲ್ಲಿ ಎತ್ತಿ ಸೆರಗಿನೊಳಗೆ ಇಟ್ಟುಕೊಂಡಳು. ನನ್ನ ಕಡೆ ತಿರುಗದೆ ಹಾಲು ಬೆಚ್ಚಗೆ ಮಾಡಿ ತಾ ಎಂದಳು. ನಾನು ಒಳಗೆ ಹೋಗಿ ಹಾಲಿಟ್ಟೆ, ಒಲೆಯ ಮುಂದೆ ನಿಂತು ಚೆನ್ನಾಗಿ ಅತ್ತೆ. ದುಃಖಕ್ಕಲ್ಲ; ಏಕೆಂದು ಕೇಳಿದರೆ ಈಗಲೂ ಸರಿಯಾಗಿ ಹೇಳಲಾರೆ.

ಹೊರಗೆ ಅಕ್ಕತಂಗಿಯರ ಮಾತು ನಡೆದಿತ್ತು. ದೊಡ್ಡಮ್ಮ ಆ ಎರಡು ದಿನದ ಕಥೆ ಹೇಳುತ್ತಿದ್ದಳು, ಕೂಸು ಎಷ್ಟು ಅಳುತ್ತಿತ್ತು, ತಾನು ಹೇಗೆ ಕೂತಲ್ಲೇ ತೂಕಡಿಸುತ್ತಿದ್ದೆ ಎಂದು. ಆಗ ಅಮ್ಮನ ದನಿ ಕೇಳಿತು.

“ನಾ ನೋಡಲೇ ಇಲ್ಲ ಅಂತ ಎಣ್ಸಿದ್ಯಾ ಅಕ್ಕಾ? ನೀ ತೂಕಡ್ಸುವಾಗ ತಿರುಗಿ ನೋಡಿದ್ದೆ. ತಲೆ ತುಂಬ ಕೂದ್ಲಿತ್ತು ಇವ್ಳಿಗೆ.”