ಎಂಟೋ ಒಂಬತ್ತೋ

ಆರ್ಮಾಸ್‌ನ ಕಚೇರಿ ಫೋನಿಗೆ ಕೆರೆಯ ನಟ್ಟನಡುವೆ ಮಾತ್ರ ಸಿಗ್ನಲ್ ಸಿಗುತ್ತದೆ ಎಂಬ ಸಂಗತಿ ಆ ಶುಕ್ರವಾರ ಮಧ್ಯಾಹ್ನದವರೆಗೆ ಯಾರಿಗೂ ತೊಂದರೆ ಕೊಟ್ಟಿರಲಿಲ್ಲ. ರಜೆಯಲ್ಲಿರುವವನಿಗೆ ಕಚೇರಿಯ ಫೋನು ಮೂಕವಾಗಿರುವುದೇ ಒಂದು ಸುಖ.

ಆದರೆ ರಜೆ ಅಂದಿಗೆ ಮುಗಿಯುತ್ತಿತ್ತು. ಸೋಮವಾರದಿಂದ ಪುರಸಭೆಯ ನೀರು ಸರಬರಾಜು ವಿಭಾಗದಲ್ಲಿ ಮತ್ತೆ ಕುರ್ಚಿ ಬಿಸಿ ಮಾಡಬೇಕು. ಇಲ್ಲಿ ಕೆರೆದಂಡೆಯ ಅವನ ಬೇಸಿಗೆಯ ಮರದ ಮನೆಗೆ ಬಾಣಂತಿ ಮಗಳು ಔತಿ ಬಂದಿದ್ದಳು. ಅವಳಿದ್ದ ಕಟ್ಟಡದಲ್ಲಿ ನೀರಿನ ಕೊಳವೆಗಳನ್ನೆಲ್ಲ ಬದಲಿಸುತ್ತಿದ್ದರು, ಆಗಸ್ಟ್ ಕೊನೆಯವರೆಗೆ ಅಲ್ಲಿ ಇರುವಂತಿರಲಿಲ್ಲ. ಜೊತೆಗೆ ಐದು ವಾರದ ಮೊಮ್ಮಗಳು. ನಾಮಕರಣದ ತನಕ ಹೆಸರು ಗುಟ್ಟಾದ್ದರಿಂದ ಎಲ್ಲರಿಗೂ ಅವಳು ಪುಟ್ಟಿ. ಪುಟ್ಟಿ ಹಾಲು ಕುಡಿದ ಮೇಲೆ ಅಜ್ಜನ ಎದೆಯ ಮೇಲೆ ಮಲಗಿ, ಅವನ ಅಂಗಿಯ ಗುಂಡಿ ಹಿಡಿದುಕೊಂಡೇ ನಿದ್ದೆಹೋಗುತ್ತಿದ್ದಳು. ಹೆಂಡತಿ ಹೋದ ನಾಲ್ಕು ವರ್ಷಗಳಲ್ಲಿ ಆ ಎದೆಗೆ ಅಷ್ಟು ಭಾರವಾದದ್ದು, ಅಷ್ಟು ಹಗುರವಾದದ್ದು ಯಾವುದೂ ಸಿಕ್ಕಿರಲಿಲ್ಲ. ಅದನ್ನು ಬಿಟ್ಟು ಮೀಟರುಗಳ ಪಟ್ಟಿ ನೋಡಲು ಹೋಗುವುದಿಲ್ಲ ಎಂದು ಅವನು ನಿರ್ಧರಿಸಿಬಿಟ್ಟಿದ್ದ.

ದಾರಿಯೇನೋ ಇತ್ತು. ಈ ಮನೆಯಿಂದಲೇ ಕೆಲಸ ಮಾಡಲು ಅನುಮತಿ ಕೇಳಬಹುದು. ಆದರೆ ಅರ್ಜಿ ಮೂರು ಗಂಟೆಯೊಳಗೆ ಹೋಗಬೇಕು, ಅರ್ಜಿಯ ನಮೂನೆ ಕಚೇರಿಯ ಜಾಲದೊಳಗಿದೆ. ಹೊರಗಿನಿಂದ ಜಾಲ ಹೊಗಲು ಕಚೇರಿಯವರು ‘ಸುರಂಗ’ ಎನ್ನುವ ಒಂದು ಭದ್ರ ದಾರಿ ಇದೆ. ಸುರಂಗದ ಬಾಗಿಲಿಗೆ ಗುಪ್ತಪದ ಸಾಲದು. ಪ್ರತಿ ಸಲವೂ ಕಚೇರಿ ಫೋನಿಗೆ ಹೊಸದಾಗಿ ಆರು ಅಂಕಿಗಳು ಬರುತ್ತವೆ, ಅವನ್ನೂ ಒತ್ತಬೇಕು. ಅಂಕಿಗಳ ಆಯುಸ್ಸು ಒಂದೇ ನಿಮಿಷ. ಮೂರು ಸಲ ತಪ್ಪಿದರೆ ಸೋಮವಾರದವರೆಗೆ ಬೀಗ.

ಚಾವಣಿಯ ಆಂಟೆನಾದಿಂದ ಲ್ಯಾಪ್‌ಟಾಪಿಗೆ ಇಂಟರ್ನೆಟ್ ಚೆನ್ನಾಗಿಯೇ ಬರುತ್ತಿತ್ತು. ಆದರೆ ಅದರ ಬ್ಯಾಟರಿ ಸತ್ತು ವರ್ಷವಾಗಿತ್ತು. ಅಡುಗೆಮನೆಯ ಪ್ಲಗ್ ಬಿಟ್ಟು ಗೇಣು ದೂರ ಬಾರದು. ಫೋನಿಗೋ ಕೆರೆಯ ನಡುವೆಯೇ ಜೀವ. ಹಲ್ಲಿದ್ದಲ್ಲಿ ಕಡಲೆಯಿಲ್ಲ, ಕಡಲೆಯಿದ್ದಲ್ಲಿ ಹಲ್ಲಿಲ್ಲ.

ಆರ್ಮಾಸ್ ದೋಣಿ ಇಳಿಸಿದ. ಅವನು ಕೆರೆಯ ನಡುವೆ ತಲುಪಿ ಕೈ ಬೀಸಿದಾಗ ಔತಿ ಲ್ಯಾಪ್‌ಟಾಪಿನಲ್ಲಿ ಅಂಕಿ ತರಿಸುವ ಗುಂಡಿ ಒತ್ತಿದಳು. ಅಂಕಿಗಳು ಬಂದವು. ಅವನ್ನು ಬಾಯಲ್ಲಿ ಜಪಿಸುತ್ತ ಬೆನ್ನು ಮುರಿಯುವ ಹಾಗೆ ಹುಟ್ಟು ಹಾಕಿ ದಡ ಸೇರಿ ಅಡುಗೆಮನೆಗೆ ನುಗ್ಗಿ ಒತ್ತಿದ.

“ನಾಲ್ಕು ನಿಮಿಷ ಆಯ್ತಪ್ಪ,” ಎಂದಳು ಔತಿ. “ಇದು ಒಂದನೇ ತಪ್ಪು ಅಂತ ಬರ್ತಿದೆ.”

“ಹಾಗಾದ್ರೆ ಅಲ್ಲಿಂದಲೇ ಕೂಗ್ತೀನಿ. ನೀನು ಒತ್ತು.”

“ಪುಟ್ಟಿ ಈಗ ತಾನೆ ಮಲಗಿದಾಳೆ.”

“ಮೆತ್ತಗೆ ಕೂಗ್ತೀನಮ್ಮ.”

ಪುಟ್ಟಿ ಎಂದಿನಂತೆ ಅಂಗಳದ ಪೈನ್ ಮರದಡಿ ತಳ್ಳುಗಾಡಿಯಲ್ಲಿ ಮಲಗಿದ್ದಳು. ಆರ್ಮಾಸ್ ಮತ್ತೆ ನಡುಗೆರೆಗೆ ಹೋಗಿ, ಮೆತ್ತಗೆ ಕೂಗಲು ಆಗುವುದಿಲ್ಲವೆಂದು ಕಂಡುಕೊಂಡು, ಹೊಸ ಅಂಕಿಗಳನ್ನು ಗಂಟಲಿದ್ದಷ್ಟೂ ಕೂಗಿದ. ಮಾತಾಡಿದರೆ ನೀರು ಕಲಕೀತು ಎಂಬಷ್ಟು ಮೌನವಾಗಿರುವ ಕೆರೆ ಅದು. ಮರದ ಮೇಲಿನ ಹಕ್ಕಿಗಳು ಎದ್ದುಹೋದವು. ಪುಟ್ಟಿ ಎದ್ದಳು. ಪಕ್ಕದ ಮನೆಯ ವಿಧವೆ ಸೈಮಿ ಮತ್ತು ಅದರಾಚೆಯ ನಿವೃತ್ತ ಸಾರ್ಜೆಂಟ್ ರೇಯೋ ತಂತಮ್ಮ ದೋಣಿಕಟ್ಟೆಗೆ ಬಂದು ನಿಂತರು.

ಅವರ ಭಾಷೆಯಲ್ಲಿ ಎಂಟಕ್ಕೆ ‘ಕಹೆಕ್ಸಾನ್’, ಒಂಬತ್ತಕ್ಕೆ ‘ಯುಹೆಕ್ಸಾನ್’. ನೀರಿನ ಮೇಲೆ ಹಾದುಬರುವಾಗ ಎರಡರ ತಲೆಯೂ ಉದುರಿ ಬಾಲ ಮಾತ್ರ ದಡ ಸೇರುತ್ತದೆ.

“ಕೊನೇದು ಎಂಟಾ ಒಂಬತ್ತಾ?” ಔತಿ ಅಳುವ ಮಗುವನ್ನು ಹೆಗಲಿಗೆ ಹಾಕಿಕೊಂಡು ಕಿಟಕಿಯಿಂದ ಕೂಗಿದಳು.

“ಹೆಕ್ಸಾನ್,” ಎಂದಿತು ಕೆರೆ.

“ಎಂಟು ಅಂದ ಕಣೇ,” ಎಂದಳು ಸೈಮಿ.

“ಒಂಬತ್ತು,” ಎಂದ ಸಾರ್ಜೆಂಟ್. “ನಾನು ಇಪ್ಪತ್ತು ವರ್ಷ ಸೈನ್ಯದಲ್ಲಿ ನಿಸ್ತಂತು ಕೇಳಿದೋನು.”

ಔತಿ ಸೈನ್ಯವನ್ನು ನಂಬಿದಳು. ಎರಡನೇ ತಪ್ಪು.

ಗಂಟೆ ಎರಡೂವರೆ. ಇನ್ನೊಂದೇ ಅವಕಾಶ. ಸಾರ್ಜೆಂಟ್ ಪೆಚ್ಚಾಗಲಿಲ್ಲ, ಅಪ್ಪಣೆ ಕೊಡಲು ಶುರುಮಾಡಿದ. “ಆರ್ಮಾಸ್, ಕೇಳಿಸ್ಕೋ. ಎಂಟಾದ್ರೆ ಒಂದು ಹುಟ್ಟು ಎತ್ತು. ಒಂಬತ್ತಾದ್ರೆ ಎರಡೂ ಎತ್ತು. ಮಿಕ್ಕಿದ್ದು ಬಾಯಲ್ಲಿ ಹೇಳು. ಸೈಮಿ, ನೀನು ನೋಡಿದ್ದನ್ನ ಹಾಗೇ ಹುಡುಗಿಗೆ ಹೇಳು. ಸ್ವಂತ ಬುದ್ಧಿ ಉಪಯೋಗಿಸಬೇಡ.”

“ನಿನ್ನ ಬುದ್ಧಿ ಉಪಯೋಗಿಸಿದ್ದಕ್ಕೇ ಅಲ್ವಾ ಈಗ ತಪ್ಪಿದ್ದು?” ಎಂದಳು ಸೈಮಿ.

ಪುಟ್ಟಿ ಅಳುತ್ತಲೇ ಇದ್ದಳು. ಔತಿ ಒಂದು ಕೈಯಲ್ಲಿ ಅವಳನ್ನು ತಟ್ಟುತ್ತ ಇನ್ನೊಂದರಲ್ಲಿ ಗುಂಡಿ ಒತ್ತಿದಳು.

ಆರ್ಮಾಸ್‌ನ ಫೋನು ಗುಂಯ್ ಎಂದಿತು: ನಾಲ್ಕು, ಒಂಬತ್ತು, ಎಂಟು, ಎಂಟು, ಒಂಬತ್ತು, ಒಂಬತ್ತು.

ಅವನು ಒಂದು ಕ್ಷಣ ಆಕಾಶ ನೋಡಿದ. ಆಮೇಲೆ ಫೋನನ್ನು ಹಲ್ಲಲ್ಲಿ ಕಚ್ಚಿ ಎದ್ದುನಿಂತ. ನಾಲ್ಕನ್ನು ಕಚ್ಚಿದ ಹಲ್ಲಿನ ಸಂದಿಯಿಂದಲೇ ಹೇಳಿದ. ಎರಡು ಹುಟ್ಟು ಎತ್ತಿದ, ಒಂದು ಎತ್ತಿದ, ಮತ್ತೆ ಒಂದು, ಮತ್ತೆ ಎರಡು. ಬಿರುಗಾಳಿಗೆ ಸಿಕ್ಕ ಗಾಳಿಯಂತ್ರದ ಹಾಗಿದ್ದ. ಕಡೆಯ ಒಂಬತ್ತಕ್ಕೆ ಎರಡೂ ಹುಟ್ಟು ಮೇಲೆ ಹೋದಾಗ ದೋಣಿ ಕಾಲ ಕೆಳಗಿಂದ ಜಾರಿತು.

ಅವನು ನೀರಿನಿಂದ ತಲೆಯೆತ್ತಿದಾಗ ಫೋನು ಹಲ್ಲಲ್ಲೇ ಇತ್ತು. ಹುಟ್ಟುಗಳು ಮಾತ್ರ ಎರಡು ದಿಕ್ಕಿಗೆ ಹೊರಟಿದ್ದವು.

“ಬಿದ್ದದ್ದು ಯಾವ ಅಂಕಿ?” ಸೈಮಿ ಕೇಳಿದಳು.

“ಒಂಬತ್ತು,” ಎಂದ ಸಾರ್ಜೆಂಟ್. “ಎರಡೂ ಹುಟ್ಟು ಎತ್ತೇ ಬಿದ್ದ. ಶಿಸ್ತಿನ ಮನುಷ್ಯ.”

ಕಿಟಕಿಯಿಂದ ಔತಿಯ ದನಿ ಬಂತು. “ತೆರೀತಪ್ಪ. ಯಾವ ವಿಳಾಸದಿಂದ ಕೆಲಸ ಮಾಡ್ತೀರಿ ಅಂತ ಕೇಳ್ತಿದೆ.”

“ಈ ಮನೇದೇ ಹಾಕು.”

“ಯಾವತ್ತಿನವರೆಗೆ?”

“ಆಗಸ್ಟ್ ಮೂವತ್ತೊಂದು,” ಎಂದ ಆರ್ಮಾಸ್, ಕುತ್ತಿಗೆಯವರೆಗಿನ ನೀರಿನಲ್ಲಿ, ಜೀವನದಲ್ಲಿ ಎಂದೂ ಇರದಷ್ಟು ದೃಢವಾಗಿ.

ಮೂರಕ್ಕೆ ನಾಲ್ಕು ನಿಮಿಷವಿರುವಾಗ ಅರ್ಜಿ ಹೋಯಿತು. ಖಾಲಿ ದೋಣಿಯನ್ನು ತಳ್ಳಿಕೊಂಡು ಈಜಿ ಅವನು ದಡ ಸೇರುವಷ್ಟರಲ್ಲಿ ಉತ್ತರವೂ ಬಂದಿತ್ತು. ನೀರು ಸೋರಿಸುತ್ತ ಮೇಜಿನ ಮುಂದೆ ನಿಂತು ಓದಿದ. ‘ಅನುಮತಿ ಕೊಡಲಾಗಿದೆ. ಆಗಸ್ಟ್ ೩೧ರವರೆಗೆ ಮೇಲಿನ ವಿಳಾಸದಿಂದ ಮಾತ್ರ ಕೆಲಸ ಮಾಡತಕ್ಕದ್ದು. ಬದಲಾವಣೆಗೆ ಅವಕಾಶವಿಲ್ಲ. ನಿಮ್ಮ ಮೇಜನ್ನು ಬೇಸಿಗೆಯ ತಾತ್ಕಾಲಿಕ ನೌಕರರಿಗೆ ವಹಿಸಲಾಗಿದೆ.’

“ಗೆದ್ವಿ ಮಗಳೇ,” ಎಂದು ಅವನು ತಿರುಗಿದ.

ಔತಿ ಹಾಸಿಗೆಯ ಮೇಲೆ ಪುಟ್ಟ ಪುಟ್ಟ ಅಂಗಿಗಳನ್ನು ಮಡಿಸಿ ಚೀಲಕ್ಕೆ ತುಂಬುತ್ತಿದ್ದಳು. ಅತ್ತು ಅತ್ತು ಸುಸ್ತಾದ ಪುಟ್ಟಿ ಅವಳ ತೋಳಿನಲ್ಲಿ ಬಿಕ್ಕುತ್ತಿದ್ದಳು.

“ಅಪ್ಪ, ಬೇಜಾರು ಮಾಡ್ಕೋಬೇಡ,” ಎಂದಳು. “ಮಗು ಇವತ್ತು ಅರ್ಧ ಗಂಟೆ ನೆಟ್ಟಗೆ ಮಲಗಿಲ್ಲ. ಸುರಂಗ ಹೊಗೋಕೆ ನೀನು ದಿನಾ ಬೆಳಿಗ್ಗೆ ಹೀಗೆ ಕೂಗ್ಲೇಬೇಕಲ್ಲ. ಊರಲ್ಲಿ ನಿನ್ನ ಮನೆ ಹೇಗೂ ಖಾಲಿ ಇರತ್ತೆ. ನಾವಿಬ್ರೂ ಅಲ್ಲಿಗೆ ಹೋಗ್ತೀವಿ. ಕೀಲಿಕೈ ಕೊಡು.”

ಆರ್ಮಾಸ್ ಪರದೆ ನೋಡಿದ. ‘ಬದಲಾವಣೆಗೆ ಅವಕಾಶವಿಲ್ಲ’ ಎಂಬುದು ಅಲ್ಲೇ ಇತ್ತು. ಕೀಲಿಕೈ ತೆಗೆದುಕೊಟ್ಟು, ಒದ್ದೆ ಬೆರಳನ್ನು ಒರೆಸಿಕೊಂಡು ಮೊಮ್ಮಗಳ ಕೆನ್ನೆ ಮುಟ್ಟಿದ.

ಸಂಜೆ ನಾಲ್ಕೂವರೆಗೆ ಕಾರು ಮರಗಳ ನಡುವೆ ಮರೆಯಾಯಿತು. ಕೆರೆ ಮತ್ತೆ ತನ್ನ ಮೌನಕ್ಕೆ ಮರಳಿತ್ತು. ಅವನು ದೋಣಿಕಟ್ಟೆಯ ಮೇಲೆ ಕೂತಿದ್ದಾಗ ಪಕ್ಕದ ಕಟ್ಟೆಯಿಂದ ಸೈಮಿಯ ದನಿ ಬಂತು.

“ಸೋಮವಾರ ಎಷ್ಟು ಹೊತ್ತಿಗಪ್ಪ, ಆರ್ಮಾಸ್? ಹುಡುಗಿ ಹೋದ್ರೆ ಹೋಗ್ಲಿ, ಅಂಕಿ ಒತ್ತೋದಕ್ಕೆ ನಾನು ಬರ್ತೀನಿ. ಕಿವಿ ಸ್ವಲ್ಪ ಮಂದ. ನೀನು ಇನ್ನೂ ಒಂಚೂರು ಜೋರಾಗಿ ಕೂಗಬೇಕಾಗತ್ತೆ, ಅಷ್ಟೇ.”